ಕಚೇರಿಗಳ ಸಮೂಹ ಇ-ಮೇಲ್ ವಿಳಾಸಗಳಿಗೆ ಸಾರ್ವಜನಿಕರ ಪತ್ರಗಳು ತಲುಪುವ ವಿಧಾನ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

ಸರ್ಕಾರಿ ಕಚೇರಿಗಳಿಗೆ ಮನವಿ, ದೂರು ಹಾಗೂ ಮಾಹಿತಿ ಕೋರಿಕೆಯ ಪತ್ರಗಳನ್ನು ಇ-ಮೇಲ್ ಮೂಲಕ ಕಳುಹಿಸುವುದು ಇಂದು ಸಾಮಾನ್ಯವಾಗಿದೆ. ಆದರೆ ಕಳುಹಿಸಿದ ಪತ್ರವು ಕಚೇರಿಯ ಇ-ಮೇಲ್ ವ್ಯವಸ್ಥೆಯನ್ನು ತಲುಪುವುದು ಬೇರೆ. ಅದು ಸಂಬಂಧಿಸಿದ ವಿಷಯ ನಿರ್ವಾಹಕರಿಗೆ ಮುಟ್ಟಿ, ಸಂಖ್ಯೆ ಪಡೆದು, ಕಡತಕ್ಕೆ ಸೇರುವುದು ಬೇರೆ. ಮೊದಲನೆಯದು ಆಗಿ ಎರಡನೆಯದು ಆಗದಿದ್ದರೆ ಅರ್ಜಿದಾರರು ಉತ್ತರಕ್ಕಾಗಿ ಕಾಯುತ್ತಲೇ ಇರಬೇಕಾಗುತ್ತದೆ. ಅಷ್ಟರಲ್ಲಿ ಮೇಲ್ಮನವಿಯ ಅವಧಿ, ಪ್ರವೇಶಾತಿಯ ದಿನಾಂಕ ಅಥವಾ ಪರಿಹಾರ ಕೋರುವ ಗಡುವು ಮುಗಿದುಹೋಗಬಹುದು. ಹೊರಗಿನಿಂದ ಬಂದ ಪತ್ರವು ಕಚೇರಿಯ ಒಳಗಿನ ವಿತರಣಾ ಪಟ್ಟಿಯ ಮೂಲಕ ಹೇಗೆ ಸಾಗುತ್ತದೆ, ಎಲ್ಲಿ ತಡೆಯಲ್ಪಡುತ್ತದೆ ಮತ್ತು ಅರ್ಜಿದಾರರು ಯಾವ ಎಚ್ಚರಿಕೆ ವಹಿಸಬೇಕು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ಸಮೂಹ ವಿಳಾಸ ಎಂದರೇನು?

ಇ-ಮೇಲ್ ವಿಳಾಸಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿವೆ.

(ಅ) ವೈಯಕ್ತಿಕ ವಿಳಾಸ: ಇದು ನೌಕರರ ಹೆಸರಿನಲ್ಲಿರುತ್ತದೆ. ನೌಕರರು ವರ್ಗಾವಣೆಯಾದರೆ ವಿಳಾಸವೂ ಅವರೊಂದಿಗೆ ಹೋಗುತ್ತದೆ.

(ಆ) ಪದನಾಮದ ವಿಳಾಸ: ಇದು ತಹಶೀಲ್ದಾರ್, ಕಾರ್ಯನಿರ್ವಾಹಕ ಅಧಿಕಾರಿ ಮುಂತಾದ ಹುದ್ದೆಯ ಹೆಸರಿನಲ್ಲಿರುತ್ತದೆ. ಅಧಿಕಾರಿ ಬದಲಾದರೂ ವಿಳಾಸ ಬದಲಾಗುವುದಿಲ್ಲ. ಸಾರ್ವಜನಿಕರೊಂದಿಗೆ ವ್ಯವಹರಿಸುವ ಅಧಿಕಾರಿಗಳಿಗೆ ಪದನಾಮದ ವಿಳಾಸವೇ ಸೂಕ್ತವೆಂದು ಭಾರತ ಸರ್ಕಾರದ 2014ರ ಇ-ಮೇಲ್ ನೀತಿಯಲ್ಲಿ ಶಿಫಾರಸು ಮಾಡಲಾಗಿತ್ತು.

(ಇ) ಸಮೂಹ ವಿಳಾಸ ಅಥವಾ ವಿತರಣಾ ಪಟ್ಟಿ: ಇದಕ್ಕೆ ಸ್ವಂತ ಅಂಚೆಪೆಟ್ಟಿಗೆ ಇರಬೇಕೆಂದಿಲ್ಲ. ಈ ವಿಳಾಸಕ್ಕೆ ಬಂದ ಒಂದು ಪತ್ರವನ್ನು ವ್ಯವಸ್ಥೆಯು ಪಟ್ಟಿಯಲ್ಲಿರುವ ಎಲ್ಲ ಸದಸ್ಯರಿಗೂ ಒಂದೊಂದು ಪ್ರತಿಯಾಗಿ ಹಂಚುತ್ತದೆ. ಒಂದು ಶಾಖೆಯ ಎಲ್ಲ ನೌಕರರು, ಒಂದು ಹೋಬಳಿಯ ಎಲ್ಲ ಗ್ರಾಮ ಆಡಳಿತ ಅಧಿಕಾರಿಗಳು ಅಥವಾ ಜಿಲ್ಲೆಯ ಎಲ್ಲ ತಹಶೀಲ್ದಾರರು ಎಂಬಂತೆ ಇಂತಹ ಪಟ್ಟಿಗಳನ್ನು ರಚಿಸಬಹುದು.

ಸಮೂಹ ವಿಳಾಸವು ಮೂಲತಃ ಕಚೇರಿಯ ಆಂತರಿಕ ಸುತ್ತೋಲೆ, ಸಭಾ ಸೂಚನೆ ಮತ್ತು ಜ್ಞಾಪನಗಳಿಗಾಗಿ ಇರುವಂಥದು. ಕಾಗದದ ಕಾಲದಲ್ಲಿ ಸಾರ್ವಜನಿಕರ ಪತ್ರಗಳು ಟಪಾಲು ಶಾಖೆಗೆ ಬಂದು, ಒಳಬರುವ ಪತ್ರಗಳ ವಹಿಯಲ್ಲಿ ನಮೂದಾದ ನಂತರವೇ ಒಳಗೆ ಹೋಗುತ್ತಿದ್ದವು. ಇ-ಮೇಲ್‌ನಲ್ಲಿ ಟಪಾಲು ಶಾಖೆಯ ಕೆಲಸ ಮಾಡುವುದು ಪ್ರಕಟಿತ ಪದನಾಮದ ವಿಳಾಸವೇ ಹೊರತು ಸಮೂಹ ವಿಳಾಸವಲ್ಲ.

2. ಸಮೂಹ ವಿಳಾಸಗಳಿಗೆ ಹೊರಗಿನ ಪತ್ರಗಳನ್ನು ಏಕೆ ತಡೆಯಲಾಗುತ್ತದೆ?

ಬಹುತೇಕ ಇ-ಮೇಲ್ ವ್ಯವಸ್ಥೆಗಳಲ್ಲಿ ಸಮೂಹ ವಿಳಾಸಕ್ಕೆ ಯಾರು ಪತ್ರ ಕಳುಹಿಸಬಹುದೆಂದು ನಿಗದಿಪಡಿಸುವ ಅವಕಾಶವಿದೆ. ಕೆಲವು ವ್ಯವಸ್ಥೆಗಳಲ್ಲಿ ಹೊಸ ಪಟ್ಟಿ ರಚಿಸಿದಾಗ ಅದು ಸಂಸ್ಥೆಯ ಒಳಗಿನವರಿಗೆ ಮಾತ್ರ ತೆರೆದಿರುತ್ತದೆ. ನಿರ್ವಾಹಕರು ಬದಲಾಯಿಸುವವರೆಗೆ ಹೊರಗಿನ ಪತ್ರಗಳು ತಿರಸ್ಕೃತವಾಗುತ್ತವೆ. ಈ ತಡೆಗೆ ಕಾರಣಗಳು ಹೀಗಿವೆ:

(ಅ) ವಂಚನೆಯ ಪತ್ರಗಳು: ಮೇಲಧಿಕಾರಿಗಳ ಹೆಸರಿನಲ್ಲಿ ಬಂದ ಒಂದು ಸುಳ್ಳು ಪತ್ರವು ತೆರೆದ ಪಟ್ಟಿಯ ಮೂಲಕ ಏಕಕಾಲದಲ್ಲಿ ಹತ್ತಾರು ನೌಕರರನ್ನು ತಲುಪುತ್ತದೆ. ಅವರಲ್ಲಿ ಒಬ್ಬರು ಲಗತ್ತನ್ನು ತೆರೆದರೂ ಇಡೀ ಕಚೇರಿಯ ಗಣಕಯಂತ್ರಗಳಿಗೆ ಅಪಾಯ.

(ಆ) ಪತ್ರಗಳ ಪ್ರವಾಹ: 2016ರ ನವೆಂಬರ್ ತಿಂಗಳಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯಲ್ಲಿ ಒಂದು ಪರೀಕ್ಷಾ ಪತ್ರವು ವಿತರಣಾ ಪಟ್ಟಿಯ ದೋಷದಿಂದ ಸುಮಾರು 8.4 ಲಕ್ಷ ಖಾತೆಗಳಿಗೆ ಹೋಯಿತು. ಪಡೆದವರಲ್ಲಿ ಹಲವರು ಎಲ್ಲರಿಗೂ ಉತ್ತರಿಸಿದ್ದರಿಂದ ಪತ್ರಗಳು ಬೆಳೆಯುತ್ತ ಹೋಗಿ ಇಡೀ ವ್ಯವಸ್ಥೆ ನಿಧಾನವಾಯಿತು. ಅಲ್ಲಿ ಪತ್ರ ಹೊರಟಿದ್ದು ಒಳಗಿನಿಂದಲೇ. ಪಟ್ಟಿ ಹೊರಗಿನವರಿಗೂ ತೆರೆದಿದ್ದರೆ ಇಂತಹ ಪ್ರವಾಹವನ್ನು ಯಾರು ಬೇಕಾದರೂ ಹುಟ್ಟುಹಾಕಬಹುದು.

(ಇ) ಅರ್ಜಿದಾರರ ಗೋಪ್ಯತೆ: ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ, ವೈದ್ಯಕೀಯ ದಾಖಲೆ ಮುಂತಾದವುಗಳ ಪ್ರತಿಗಳನ್ನು ಸಮೂಹ ವಿಳಾಸಕ್ಕೆ ಕಳುಹಿಸಿದರೆ, ಆ ವಿಷಯಕ್ಕೆ ಸಂಬಂಧವಿಲ್ಲದ ನೌಕರರ ಪೆಟ್ಟಿಗೆಗಳಲ್ಲಿಯೂ ಅವು ಉಳಿದುಬಿಡುತ್ತವೆ.

(ಈ) ಹೊಣೆಗಾರಿಕೆಯ ಕೊರತೆ: ಒಂದೇ ಪತ್ರವು ಎಂಟು ಜನರಿಗೆ ತಲುಪಿದಾಗ ಉಳಿದವರು ಕ್ರಮ ಕೈಗೊಳ್ಳುವರೆಂದು ಪ್ರತಿಯೊಬ್ಬರೂ ಭಾವಿಸುವ ಸಂಭವವಿದೆ. ತಿರಸ್ಕೃತವಾದ ಪತ್ರಕ್ಕೆ ಸಾಮಾನ್ಯವಾಗಿ ಸೂಚನೆಯಾದರೂ ಬರುತ್ತದೆ. ಎಲ್ಲರಿಗೂ ತಲುಪಿ ಯಾರೂ ಕೈಗೆತ್ತಿಕೊಳ್ಳದ ಪತ್ರದ ಬಗ್ಗೆ ಅರ್ಜಿದಾರರಿಗೆ ಯಾವ ಸೂಚನೆಯೂ ಬರುವುದಿಲ್ಲ. ಇದೇ ಹೆಚ್ಚಿನ ಹಾನಿ.

3. ಹೊರಗಿನ ಪತ್ರಗಳನ್ನು ನಿರ್ವಹಿಸುವ ವಿಧಾನಗಳು

(ಅ) ಸಂಪೂರ್ಣ ತಡೆ: ಹೊರಗಿನ ಪತ್ರವನ್ನು ಸ್ವೀಕರಿಸದೆ, ಕಳುಹಿಸಿದವರಿಗೆ ಹಿಂದಿರುಗಿಸಲಾಗುತ್ತದೆ.

(ಆ) ಪರಿಶೀಲನೆಯ ನಂತರ ಬಿಡುಗಡೆ: ಪತ್ರವನ್ನು ತಡೆಹಿಡಿದು, ನಿಯೋಜಿತ ನೌಕರರು ಪರಿಶೀಲಿಸಿದ ಮೇಲೆ ಪಟ್ಟಿಗೆ ಬಿಡಲಾಗುತ್ತದೆ. ಆ ನೌಕರರು ರಜೆಯಲ್ಲಿದ್ದು ಬದಲಿ ವ್ಯವಸ್ಥೆ ಇಲ್ಲದಿದ್ದರೆ ಪತ್ರ ಅಲ್ಲಿಯೇ ಉಳಿಯುತ್ತದೆ.

(ಇ) ಮುಕ್ತ ಸ್ವೀಕಾರ: ಎಲ್ಲ ಪತ್ರಗಳೂ ನೇರವಾಗಿ ಸದಸ್ಯರಿಗೆ ಹೋಗುತ್ತವೆ. ಮೇಲೆ ಹೇಳಿದ ಅಪಾಯಗಳೆಲ್ಲ ಇದಕ್ಕೆ ಅನ್ವಯಿಸುತ್ತವೆ.

(ಈ) ಒಂದೇ ಬಾಗಿಲಿನ ವ್ಯವಸ್ಥೆ: ಸಾರ್ವಜನಿಕರಿಗೆ ಒಂದು ಪದನಾಮದ ವಿಳಾಸವನ್ನು ಮಾತ್ರ ಪ್ರಕಟಿಸಿ, ಅಲ್ಲಿಗೆ ಬಂದ ಪತ್ರಕ್ಕೆ ಸಂಖ್ಯೆ ನೀಡಿ, ನಿರ್ದಿಷ್ಟ ವಿಷಯ ನಿರ್ವಾಹಕರಿಗೆ ವರ್ಗಾಯಿಸಲಾಗುತ್ತದೆ. ಸಮೂಹ ವಿಳಾಸಗಳು ಆಂತರಿಕ ಬಳಕೆಗೆ ಸೀಮಿತವಾಗಿರುತ್ತವೆ. ಇ-ಆಫೀಸ್ ತಂತ್ರಾಂಶ ಬಳಸುವ ಕಚೇರಿಗಳಲ್ಲಿ ಬಂದ ಪತ್ರವನ್ನು ಸ್ವೀಕೃತಿಯಾಗಿ ನಮೂದಿಸಿದಾಗ ಅದಕ್ಕೊಂದು ಸಂಖ್ಯೆ ದೊರೆಯುತ್ತದೆ ಮತ್ತು ಅದು ಯಾರ ಬಳಿ ಇದೆ ಎಂಬುದು ದಾಖಲಾಗುತ್ತದೆ.

ನಾಲ್ಕನೆಯ ವಿಧಾನವೇ ಅರ್ಜಿದಾರರಿಗೂ ಕಚೇರಿಗೂ ಸುರಕ್ಷಿತವಾದುದು. ನೌಕರರೊಬ್ಬರು ಹಿಂದೆ ಕಳುಹಿಸಿದ ಪತ್ರದಲ್ಲಿ ಕಂಡ ಸಮೂಹ ವಿಳಾಸವನ್ನು ನಕಲು ಮಾಡಿಕೊಂಡು ಅದಕ್ಕೇ ಅರ್ಜಿ ಕಳುಹಿಸುವುದು ಸೂಕ್ತವಲ್ಲ.

4. ತಾಲ್ಲೂಕುಗಳ ಪುನರ್ರಚನೆ ಮತ್ತು ಹಳೆಯ ವಿಳಾಸಗಳು

ದಾವಣಗೆರೆ ಜಿಲ್ಲೆಯು 1997ರ ಆಗಸ್ಟ್ 15ರಂದು ಅಸ್ತಿತ್ವಕ್ಕೆ ಬಂದಿತು. ಅದಕ್ಕೆ ಮೊದಲು ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ತಾಲ್ಲೂಕು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದವು. ರಾಜ್ಯದ 2017-18ನೇ ಸಾಲಿನ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ನ್ಯಾಮತಿಯೂ ಒಂದಾಗಿದ್ದು, ಅದು ಹೊನ್ನಾಳಿ ತಾಲ್ಲೂಕಿನಿಂದ ಬೇರ್ಪಟ್ಟಿತು. ಜಿಲ್ಲೆಯಲ್ಲಿದ್ದ ಹರಪನಹಳ್ಳಿ ತಾಲ್ಲೂಕು 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಿಂದ ಅದು ವಿಜಯನಗರ ಜಿಲ್ಲೆಯಲ್ಲಿದೆ.

ಇಂತಹ ಪ್ರತಿಯೊಂದು ಬದಲಾವಣೆಯೊಂದಿಗೆ ವಿತರಣಾ ಪಟ್ಟಿಗಳೂ ಬದಲಾಗಬೇಕಾಗುತ್ತದೆ. ಉದಾಹರಣೆಗೆ, ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಯ ಅರ್ಜಿದಾರರೊಬ್ಬರು ವಿಭಜನೆಗೆ ಮುಂಚೆ ಉಳಿಸಿಕೊಂಡ ವಿಳಾಸಕ್ಕೆ ಜಮೀನಿನ ಪಹಣಿ ತಿದ್ದುಪಡಿಯ ಬಗ್ಗೆ ಪತ್ರ ಕಳುಹಿಸಿದರೆಂದು ಭಾವಿಸೋಣ. ಪತ್ರವು ಹೊನ್ನಾಳಿ ಕಚೇರಿಯನ್ನು ಯಾವ ಅಡ್ಡಿಯೂ ಇಲ್ಲದೆ ತಲುಪುತ್ತದೆ; ಹಿಂದಿರುಗಿದ ಸೂಚನೆ ಬರುವುದಿಲ್ಲ. ಆದರೆ ಆ ಗ್ರಾಮದ ದಾಖಲೆಗಳು ನ್ಯಾಮತಿ ತಹಶೀಲ್ದಾರರ ವ್ಯಾಪ್ತಿಯಲ್ಲಿರುವುದರಿಂದ ಅಲ್ಲಿಂದ ವರ್ಗಾಯಿಸಿದ ಹೊರತು ಪತ್ರದ ಮೇಲೆ ಕ್ರಮ ಆಗದು. ಆದ್ದರಿಂದ ಹಳೆಯ ವಿಳಾಸವನ್ನು ಬಳಸುವ ಮುನ್ನ ಗ್ರಾಮವು ಈಗ ಯಾವ ತಾಲ್ಲೂಕು ಮತ್ತು ಹೋಬಳಿಗೆ ಸೇರಿದೆ ಎಂಬುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಪತ್ರದ ವಿಷಯ ಸಾಲಿನಲ್ಲಿಯೇ ಗ್ರಾಮ, ಹೋಬಳಿ ಮತ್ತು ತಾಲ್ಲೂಕನ್ನು ನಮೂದಿಸಿದರೆ, ತಪ್ಪು ಕಚೇರಿಗೆ ಬಂದ ಪತ್ರವನ್ನೂ ಟಪಾಲು ನೋಡುವವರು ಕೂಡಲೇ ಗುರುತಿಸಿ ಸರಿಯಾದ ಕಚೇರಿಗೆ ಕಳುಹಿಸಬಹುದು.

5. ಪತ್ರ ಹಿಂದಿರುಗಿದಾಗ ಗಮನಿಸಬೇಕಾದ ಸಂಕೇತಗಳು

ತಲುಪದ ಪತ್ರದ ಬಗ್ಗೆ ಬರುವ ಸ್ವಯಂಚಾಲಿತ ಸೂಚನೆಯಲ್ಲಿ ಮೂರು ಭಾಗಗಳ ಸಂಕೇತವೊಂದು ಇರುತ್ತದೆ. ಈ ಸಂಕೇತಗಳು ಅಂತರರಾಷ್ಟ್ರೀಯವಾಗಿ ಒಪ್ಪಿತವಾದವು. ಮೊದಲ ಅಂಕಿ 4 ಆಗಿದ್ದರೆ ಅಡಚಣೆ ತಾತ್ಕಾಲಿಕ. ವ್ಯವಸ್ಥೆಯೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮೊದಲ ಅಂಕಿ 5 ಆಗಿದ್ದರೆ ಪತ್ರ ಅಂತಿಮವಾಗಿ ತಿರಸ್ಕೃತವಾಗಿದೆ.

5.1.1 – ಅಂತಹ ವಿಳಾಸವಿಲ್ಲ. ಅಕ್ಷರದೋಷವನ್ನು ಪರಿಶೀಲಿಸತಕ್ಕದ್ದು.
5.2.2 – ಸ್ವೀಕರಿಸುವವರ ಪೆಟ್ಟಿಗೆ ತುಂಬಿದೆ.
5.3.4 – ಪತ್ರದ ಗಾತ್ರ ಮಿತಿಯನ್ನು ಮೀರಿದೆ.
5.7.1 – ಪತ್ರ ಕಳುಹಿಸಲು ಅನುಮತಿಯಿಲ್ಲ.
5.7.2 – ಈ ವಿತರಣಾ ಪಟ್ಟಿಗೆ ಪತ್ರ ಕಳುಹಿಸಲು ಅನುಮತಿಯಿಲ್ಲ.

ಕೊನೆಯ ಎರಡು ಸಂಕೇತಗಳು ಬಂದಾಗ ಅದೇ ವಿಳಾಸಕ್ಕೆ ಮತ್ತೆ ಕಳುಹಿಸುವುದರಿಂದ ಪ್ರಯೋಜನವಿಲ್ಲ. ಕಚೇರಿಯ ಪ್ರಕಟಿತ ಪದನಾಮದ ವಿಳಾಸವನ್ನು ಬಳಸತಕ್ಕದ್ದು.

ಸಮೂಹ ವಿಳಾಸಕ್ಕೆ ಕಳುಹಿಸಿದ ಪತ್ರವು ಏಳು ಸದಸ್ಯರಿಗೆ ತಲುಪಿ, ಎಂಟನೆಯವರ ಪೆಟ್ಟಿಗೆ ತುಂಬಿದ್ದ ಕಾರಣಕ್ಕೆ ಒಂದು ಸೂಚನೆ ಬರುವುದೂ ಉಂಟು. ಆ ಸೂಚನೆಯಲ್ಲಿ ಯಾವ ವಿಳಾಸದ ಉಲ್ಲೇಖವಿದೆ ಎಂಬುದನ್ನು ಓದಿ ನೋಡಬೇಕು. ಹಾಗೆಯೇ, ಸದಸ್ಯರೊಬ್ಬರು ರಜೆಯಲ್ಲಿರುವುದಾಗಿ ಬರುವ ಸ್ವಯಂಚಾಲಿತ ಉತ್ತರವನ್ನು ಕಚೇರಿಯು ಅರ್ಜಿಗೆ ನೀಡಿದ ಸ್ವೀಕೃತಿ ಎಂದು ಭಾವಿಸಬಾರದು.

6. ಪತ್ರವು ತಲುಪಿದೆಯೆಂದು ಕಾನೂನು ಯಾವಾಗ ಪರಿಗಣಿಸುತ್ತದೆ?

ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 13ನೇ ಪ್ರಕರಣವು ಈ ವಿಷಯವನ್ನು ಕುರಿತದ್ದಾಗಿದೆ. ಉಭಯತ್ರರ ನಡುವೆ ಬೇರೆ ಒಪ್ಪಂದವಿಲ್ಲದಿದ್ದರೆ, ಸ್ವೀಕರಿಸುವವರು ಇಂತಹ ಪತ್ರಗಳಿಗೆಂದೇ ಒಂದು ಗಣಕ ವ್ಯವಸ್ಥೆಯನ್ನು ಗೊತ್ತುಪಡಿಸಿದ್ದಲ್ಲಿ, ಪತ್ರವು ಅದನ್ನು ಪ್ರವೇಶಿಸಿದ ಸಮಯವೇ ತಲುಪಿದ ಸಮಯ. ಗೊತ್ತುಪಡಿಸಿದ್ದನ್ನು ಬಿಟ್ಟು ಅವರ ಬೇರೊಂದು ವ್ಯವಸ್ಥೆಗೆ ಕಳುಹಿಸಿದರೆ, ಅವರು ಪತ್ರವನ್ನು ಅಲ್ಲಿಂದ ಪಡೆದುಕೊಂಡಾಗ ಮಾತ್ರ ತಲುಪಿದಂತೆ.

ಈ ವ್ಯತ್ಯಾಸವು ಅರ್ಜಿದಾರರಿಗೆ ಬಹಳ ಮುಖ್ಯ. ಪ್ರಕಟಿತ ವಿಳಾಸಕ್ಕೆ ಕಳುಹಿಸಿದವರು ಪತ್ರ ಪ್ರವೇಶಿಸಿದ ದಿನಾಂಕವನ್ನೇ ಆಧಾರವಾಗಿ ಹೇಳಿಕೊಳ್ಳಬಹುದು. ಯಾವುದೋ ಆಂತರಿಕ ಪಟ್ಟಿಗೆ ಕಳುಹಿಸಿದವರು, ಪತ್ರವನ್ನು ಯಾರಾದರೂ ತೆರೆದರೇ ಎಂಬುದನ್ನು ತೋರಿಸಬೇಕಾದ ಸ್ಥಿತಿಗೆ ಬರಬಹುದು. ಅದೇ ಅಧಿನಿಯಮದ 12ನೇ ಪ್ರಕರಣದಂತೆ, ನಿರ್ದಿಷ್ಟ ರೂಪದ ಸ್ವೀಕೃತಿ ಬೇಕೆಂದು ಕಳುಹಿಸುವವರು ಷರತ್ತು ಹಾಕಿರದಿದ್ದರೆ, ಸ್ವೀಕರಿಸುವವರ ಸ್ವಯಂಚಾಲಿತ ಉತ್ತರವೂ ಸ್ವೀಕೃತಿ ಆಗಬಲ್ಲದು. ಆದರೆ ಸ್ವೀಕೃತಿಯು ಪತ್ರ ಬಂದಿದೆ ಎಂಬುದನ್ನಷ್ಟೇ ತಿಳಿಸುತ್ತದೆ. ಕೋರಿಕೆ ಮಂಜೂರಾಗಿದೆ ಎಂದು ಅರ್ಥವಲ್ಲ.

ಇದರೊಂದಿಗೆ 9ನೇ ಪ್ರಕರಣವನ್ನೂ ತಿಳಿದಿರಬೇಕು. ಸರ್ಕಾರಿ ಕಚೇರಿಯು ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿಯೇ ಸ್ವೀಕರಿಸಬೇಕೆಂದು ಒತ್ತಾಯಿಸುವ ಹಕ್ಕನ್ನು ಈ ಅಧಿನಿಯಮವು ನೀಡುವುದಿಲ್ಲ. ಅಂದರೆ, ಸೇವೆಯೊಂದಕ್ಕೆ ನಿಗದಿತ ನಮೂನೆ ಮತ್ತು ನಿಗದಿತ ಮಾರ್ಗವಿದ್ದಲ್ಲಿ ಇ-ಮೇಲ್ ಅದಕ್ಕೆ ಪರ್ಯಾಯವಾಗದು.

7. ಯಾವುದಕ್ಕೆ ಇ-ಮೇಲ್, ಯಾವುದಕ್ಕೆ ನಿಗದಿತ ಮಾರ್ಗ?

(ಅ) ಸಕಾಲ ಸೇವೆಗಳು: ಜಾತಿ ಪ್ರಮಾಣ ಪತ್ರ, ಆದಾಯ ಪ್ರಮಾಣ ಪತ್ರ ಮುಂತಾದವುಗಳಿಗೆ ಹೋಬಳಿಯ ನಾಡಕಚೇರಿಯಲ್ಲಿ ಅಥವಾ ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸಬೇಕು. ಸಂತೆಬೆನ್ನೂರು, ಬಸವಾಪಟ್ಟಣ, ಸಾಸ್ವೆಹಳ್ಳಿ, ಬಿಳಿಚೋಡು, ಸೊಕ್ಕೆ ಮುಂತಾದ ಹೋಬಳಿಗಳ ನಿವಾಸಿಗಳು ಇದಕ್ಕಾಗಿ ತಾಲ್ಲೂಕು ಕೇಂದ್ರಕ್ಕೆ ಬರಬೇಕಾಗಿಲ್ಲ. 2012ರ ಏಪ್ರಿಲ್ 2ರಿಂದ ರಾಜ್ಯಾದ್ಯಂತ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯಲ್ಲಿ ಅರ್ಜಿಗೆ ಸಕಾಲ ಸಂಖ್ಯೆಯುಳ್ಳ ಸ್ವೀಕೃತಿ ದೊರೆಯುತ್ತದೆ. ಸೇವೆ ವಿಳಂಬವಾದಲ್ಲಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೋರಲು ಅಧಿನಿಯಮದಲ್ಲಿ ಅವಕಾಶವಿದೆ. ಇ-ಮೇಲ್ ಮಾತ್ರ ಕಳುಹಿಸಿ ಸಕಾಲ ಸಂಖ್ಯೆ ಪಡೆಯದಿದ್ದವರಿಗೆ ಈ ರಕ್ಷಣೆ ದೊರೆಯುವುದು ಕಷ್ಟ.

(ಆ) ಮಾಹಿತಿ ಹಕ್ಕು ಅರ್ಜಿಗಳು: ಮಾಹಿತಿ ಹಕ್ಕು ಅಧಿನಿಯಮ, 2005ರ 6ನೇ ಪ್ರಕರಣದಂತೆ ವಿದ್ಯುನ್ಮಾನ ಮಾರ್ಗದಲ್ಲಿಯೂ ಅರ್ಜಿ ಸಲ್ಲಿಸಬಹುದು; ಆದರೆ ನಿಗದಿತ ಶುಲ್ಕವೂ ಅದರೊಂದಿಗೆ ಸಂದಾಯವಾಗಿರಬೇಕು. ಆದ್ದರಿಂದ ಶುಲ್ಕ ಪಾವತಿಯ ಸೌಲಭ್ಯವಿರುವ ರಾಜ್ಯದ ಆನ್‌ಲೈನ್ ಮಾಹಿತಿ ಹಕ್ಕು ಜಾಲತಾಣವೇ ಅನುಕೂಲ. ಅರ್ಜಿಯು ಸಾರ್ವಜನಿಕ ಮಾಹಿತಿ ಅಧಿಕಾರಿಯನ್ನು ಉದ್ದೇಶಿಸಿರಬೇಕು. ಕೋರಿದ ಮಾಹಿತಿಯು ಬೇರೆ ಪ್ರಾಧಿಕಾರದ ಬಳಿ ಇದ್ದಲ್ಲಿ 5 ದಿನಗಳೊಳಗೆ ಅರ್ಜಿಯನ್ನು ವರ್ಗಾಯಿಸಬೇಕೆಂದೂ, ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಬೇಕೆಂದೂ ಅಧಿನಿಯಮ ವಿಧಿಸುತ್ತದೆ.

(ಇ) ಕುಂದುಕೊರತೆಗಳು: ಜನಸ್ಪಂದನ ವ್ಯವಸ್ಥೆಯ 1902 ಸಹಾಯವಾಣಿ ಅಥವಾ ಅದರ ಜಾಲತಾಣದಲ್ಲಿ ದಾಖಲಿಸಿದ ದೂರಿಗೆ ಸಂಖ್ಯೆ ದೊರೆಯುತ್ತದೆ.

(ಈ) ಇ-ಮೇಲ್ ಸೂಕ್ತವಾಗುವ ಸಂದರ್ಭಗಳು: ಈಗಾಗಲೇ ಸಲ್ಲಿಸಿದ ಅರ್ಜಿಯ ಸ್ಥಿತಿ ವಿಚಾರಿಸುವುದು, ಕಚೇರಿ ಕೇಳಿದ ಹೆಚ್ಚುವರಿ ದಾಖಲೆ ಒದಗಿಸುವುದು, ಹಿಂಬರಹಕ್ಕೆ ಸ್ಪಷ್ಟನೆ ಕೋರುವುದು ಮತ್ತು ನಿಗದಿತ ನಮೂನೆಯಿಲ್ಲದ ಮನವಿಗಳು.

8. ಪತ್ರ ಕಳುಹಿಸುವಾಗ ಅನುಸರಿಸಬೇಕಾದ ಕ್ರಮಗಳು

(ಅ) ವಿಳಾಸವನ್ನು ಕಚೇರಿಯ ಅಧಿಕೃತ ಜಾಲತಾಣದಿಂದ ಅಥವಾ ಸೂಚನಾ ಫಲಕದಿಂದಲೇ ಪಡೆಯತಕ್ಕದ್ದು. 'ಜಿಒವಿ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಗಳು ಸರ್ಕಾರಿ ಸಂಸ್ಥೆಗಳಿಗೆ ಮೀಸಲಾಗಿವೆ.

(ಆ) ಒಂದೇ ಪತ್ರವನ್ನು ಹತ್ತು ಕಚೇರಿಗಳಿಗೆ ಏಕಕಾಲದಲ್ಲಿ ಕಳುಹಿಸಬಾರದು. ಕ್ರಮ ಕೈಗೊಳ್ಳಬೇಕಾದ ಕಚೇರಿಗೆ ಮೂಲ ಪತ್ರವನ್ನೂ, ಅಗತ್ಯವಿದ್ದಲ್ಲಿ ಮೇಲಿನ ಕಚೇರಿಗೆ ಪ್ರತಿಯನ್ನೂ ಕಳುಹಿಸಿದರೆ ಸಾಕು.

(ಇ) ವಿಷಯ ಸಾಲು ನಿರ್ದಿಷ್ಟವಾಗಿರಲಿ. "ಮನವಿ" ಎಂದಷ್ಟೇ ಬರೆಯುವ ಬದಲು, ಸೇವೆಯ ಹೆಸರು, ಅರ್ಜಿ ಸಂಖ್ಯೆ, ಗ್ರಾಮ, ಹೋಬಳಿ ಮತ್ತು ತಾಲ್ಲೂಕನ್ನು ಬರೆಯುವುದು ಸೂಕ್ತ.

(ಈ) ಕನ್ನಡ ಪಠ್ಯವು ಯೂನಿಕೋಡ್‌ನಲ್ಲಿರಬೇಕು. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಸಿದ್ಧಪಡಿಸಿದ ಪಠ್ಯವನ್ನು ಇ-ಮೇಲ್‌ಗೆ ಅಂಟಿಸಿದರೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಅಂತಹ ಪತ್ರ ಯಾವ ಶಾಖೆಗೆ ಸೇರಿದ್ದೆಂದು ತಿಳಿಯುವುದೇ ಇಲ್ಲ. ಹಳೆಯ ಅಕ್ಷರಶೈಲಿಯಲ್ಲಿಯೇ ಇದ್ದಲ್ಲಿ ಪಿಡಿಎಫ್ ಮಾಡಿ ಲಗತ್ತಿಸತಕ್ಕದ್ದು.

(ಉ) ಲಗತ್ತುಗಳು ಚಿಕ್ಕದಾಗಿರಲಿ. ಇ-ಮೇಲ್‌ನಲ್ಲಿ ಸಾಗುವಾಗ ಲಗತ್ತಿನ ಗಾತ್ರ ಸುಮಾರು ಮೂರನೇ ಒಂದರಷ್ಟು ಹೆಚ್ಚುತ್ತದೆ. 18 ಎಂಬಿ ಕಡತವು ಸುಮಾರು 24 ಎಂಬಿ ಆಗುತ್ತದೆ. ಮೊಬೈಲ್‌ನಲ್ಲಿ ತೆಗೆದ ಬಿಡಿ ಚಿತ್ರಗಳ ಬದಲು ಎಲ್ಲ ಪುಟಗಳನ್ನು ಒಂದೇ ಪಿಡಿಎಫ್ ಆಗಿ ಸೇರಿಸಿದರೆ ಓದಲೂ ಅನುಕೂಲ.

(ಊ) ಕೇಳದ ಹೊರತು ಆಧಾರ್ ಪ್ರತಿ ಕಳುಹಿಸಬಾರದು. ಕೇಳಿದಾಗಲೂ, ಪೂರ್ಣ ಸಂಖ್ಯೆ ಅಗತ್ಯವಿಲ್ಲದಲ್ಲಿ, ಕೊನೆಯ 4 ಅಂಕಿಗಳು ಮಾತ್ರ ಕಾಣುವ ಮುಸುಕಿದ ಆಧಾರ್ ಪ್ರತಿಯನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಪಡೆದು ಬಳಸಬಹುದು.

(ಋ) ಕಳುಹಿಸಿದ ಪತ್ರವನ್ನು, ಅದರ ದಿನಾಂಕ ಮತ್ತು ಸಮಯ ಕಾಣುವಂತೆ, ಅಳಿಸದೆ ಇಟ್ಟುಕೊಳ್ಳತಕ್ಕದ್ದು. ಸ್ವೀಕೃತಿ ಸಂಖ್ಯೆ ಬಾರದಿದ್ದಲ್ಲಿ ಕೆಲವು ದಿನಗಳಲ್ಲಿಯೇ ವಿಚಾರಿಸಬೇಕು. ಗಡುವು ಸಮೀಪಿಸಿದ್ದರೆ ಟಪಾಲು ಶಾಖೆಗೆ ಖುದ್ದಾಗಿ ನೀಡಿ ಮೊಹರು ಪಡೆಯುವುದು ಅಥವಾ ನೋಂದಾಯಿತ ರೀತಿಯಲ್ಲಿ ಅಂಚೆಯ ಮೂಲಕ ಕಳುಹಿಸುವುದು ಸುರಕ್ಷಿತ.

9. ಕಚೇರಿಗಳ ಹೊಣೆ

ಪತ್ರ ತಲುಪುವಂತೆ ಮಾಡುವ ಹೊಣೆ ಅರ್ಜಿದಾರರದ್ದು ಮಾತ್ರವಲ್ಲ. ಸಮೂಹ ವಿಳಾಸವನ್ನು ಹೊರಗಿನವರಿಗೆ ಮುಚ್ಚಿದ ಕಚೇರಿಯು, ತೆರೆದಿರುವ ವಿಳಾಸ ಯಾವುದೆಂಬುದನ್ನು ಎದ್ದು ಕಾಣುವಂತೆ ಪ್ರಕಟಿಸಬೇಕು. ತಿರಸ್ಕಾರದ ಸೂಚನೆಯಲ್ಲಿ ಇಂಗ್ಲಿಷ್ ಸಂಕೇತಗಳ ಜೊತೆಗೆ ಸರಿಯಾದ ವಿಳಾಸವನ್ನು ಕನ್ನಡದಲ್ಲಿ ನೀಡುವುದು ಉತ್ತಮ. ಪ್ರತಿಯೊಂದು ಪಟ್ಟಿಗೂ ಒಬ್ಬ ಹೊಣೆಗಾರರು ಮತ್ತು ಅವರ ಅನುಪಸ್ಥಿತಿಯಲ್ಲಿ ಮತ್ತೊಬ್ಬರು ಇರಬೇಕು. ವರ್ಗಾವಣೆ ಅಥವಾ ನಿವೃತ್ತಿಯ ದಿನವೇ ಪಟ್ಟಿಯನ್ನು ಪರಿಷ್ಕರಿಸಬೇಕು. ಅನುಪಯುಕ್ತ ಪತ್ರಗಳೆಂದು ವ್ಯವಸ್ಥೆಯು ಬೇರ್ಪಡಿಸಿದ ಪೆಟ್ಟಿಗೆಯನ್ನೂ ಪ್ರತಿದಿನ ನೋಡಬೇಕು; ಮೊದಲ ಬಾರಿಗೆ ಪತ್ರ ಬರೆಯುವ ಗ್ರಾಮೀಣ ಅರ್ಜಿದಾರರ ಪತ್ರಗಳು ಅಲ್ಲಿಗೆ ಹೋಗುವ ಸಂಭವವಿದೆ. ಬೇರೆ ತಾಲ್ಲೂಕಿನ ಪತ್ರ ಬಂದಲ್ಲಿ ಅದನ್ನು ವರ್ಗಾಯಿಸಿ, ವರ್ಗಾಯಿಸಿದ ವಿಷಯವನ್ನು ಅರ್ಜಿದಾರರಿಗೂ ತಿಳಿಸಬೇಕು.

ಮಳೆ ಕೈಕೊಟ್ಟ ವರ್ಷದಲ್ಲಿ ಬೆಳೆ ಪರಿಹಾರ ಕೋರುವ ಜಗಳೂರಿನ ರೈತರಿಗಾಗಲಿ, ಖಾತೆ ಬದಲಾವಣೆಗೆ ಕಾಯುತ್ತಿರುವ ಚನ್ನಗಿರಿಯ ಅಡಿಕೆ ಬೆಳೆಗಾರರಿಗಾಗಲಿ, ತಮ್ಮ ಪತ್ರ ಎಷ್ಟು ಜನರಿಗೆ ಹೋಯಿತೆಂಬುದರಿಂದ ಪ್ರಯೋಜನವಿಲ್ಲ. ಅದು ಯಾರ ಕೈಯಲ್ಲಿದೆ ಮತ್ತು ಅದರ ಸಂಖ್ಯೆ ಏನು ಎಂಬುದು ಮುಖ್ಯ. ಆದುದರಿಂದ ಅರ್ಜಿದಾರರು ಪ್ರಕಟಿತ ವಿಳಾಸವನ್ನೇ ಬಳಸಿ, ಪ್ರತಿ ಪತ್ರಕ್ಕೂ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಕೇಳಿ ಪಡೆಯತಕ್ಕದ್ದು.